ಗೊಜ್ಜಿಗೆ ಹತ್ತಕ್ಕೆ ನಾಲ್ಕು

ಸ್ನೇಹಿತರೇ, ಇವತ್ತು ಸಾತನೂರಿನಲ್ಲಿ ನನ್ನ ಮೇಷ್ಟ್ರಗಿರಿ ಒಂದು ಬಾಟಲಿ ಗೊಜ್ಜಿನಲ್ಲಿ ಮುಳುಗಿಹೋಯಿತು.

ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿನಿ ಶೋಭಾ ಮನೆಗೆ ಬಂದಳು. ಹಣ್ಣುಮೆಣಸಿನಕಾಯಿಗೆ ಬೆಲ್ಲ, ಹುಣಸೆಹಣ್ಣು ಹಾಕಿ ಕುದಿಸಿದ ಗೊಜ್ಜು ತಂದಿದ್ದಳು. ಮಾರುವುದಕ್ಕೆಂದು ಮೊದಲ ಸಲ ಮಾಡಿದ್ದಂತೆ.

"ಸಾ, ಮಧ್ಯಾನ ಕಬ್ಬಾಳಲ್ಲಿ ಅಂಗ್ಡಿಯೋರ್ಗೆ ರುಚಿ ತೋರುಸ್ಬೇಕು. ನೀವು ಒಸಿ ತಿಂದು, ಮುಲಾಜಿಲ್ದೆ ಮಾರ್ಕ್ಸ್ ಕೊಡಿ" ಎಂದಳು.

ಮಾರ್ಕ್ಸ್ ಅಂದರೆ ಸಾಕು, ರಿಟೈರಾದ ಮೇಷ್ಟ್ರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಒಂದು ಚಮಚ ಬಾಯಿಗಿಟ್ಟೆ. ಮೊದಲು ಬೆಲ್ಲದ ಸಿಹಿ, ನುಂಗುವಷ್ಟರಲ್ಲಿ ಕಿವಿಯಲ್ಲಿ ಹೊಗೆ. ಖಾರ ಆರಲೆಂದು ಸಿಹಿಗಾಗಿ ಇನ್ನೊಂದು ಚಮಚ, ಅದರ ಖಾರಕ್ಕೆ ಮತ್ತೊಂದು. ನಡುನಡುವೆ ಬೆಲ್ಲ ಜಾಸ್ತಿ, ಹುಣಸೆ ಕಮ್ಮಿ ಎಂದು ಪಾಠವನ್ನೂ ಮಾಡಿದೆ. ಕೊನೆಗೆ ಮೂಗು ಒರೆಸಿಕೊಂಡು, "ಹತ್ತಕ್ಕೆ ನಾಲ್ಕು. ಇನ್ನೂ ಸುಧಾರಿಸಬೇಕಮ್ಮ" ಎಂದೆ.

ಶೋಭಾ ಬಾಟಲಿಯನ್ನು ಬೆಳಕಿಗೆ ಹಿಡಿದಳು.

"ನಾಕೇ ಮಾರ್ಕ್ಸು ಅಂತೀರಿ, ತಳ ಕಾಣುಸ್ಬುಟ್ರಲ್ಲ ಸಾ! ಮಾಡಿದ್ದೇ ಇದೊಂದು. ಈಗ ಅಂಗ್ಡಿಯೋರ್ಗೆ ಏನ್ ತೋರುಸ್ಲಿ?"

ಅಡುಗೆಮನೆಯಿಂದ ನನ್ನ ಹೆಂಡತಿ ಕೂಗಿದಳು: "ನಿಮ್ ಮೇಷ್ಟ್ರುನ್ನೇ ಕರ್ಕೊಂಡೋಗಿ ತೋರ್ಸವ್ವ. ಕಣ್ಣಲ್ಲಿ ನೀರ್ ಸುರಿಯೋದು ಇನ್ನೂ ನಿಂತಿಲ್ಲ."

ಬೇರೆ ದಾರಿಯಿರಲಿಲ್ಲ, ಬಸ್ಸು ಹತ್ತಿದೆ. ಅಂಗಡಿಯವರು ನನ್ನ ಕೆಂಪು ಮೂಗು ನೋಡಿದರು, ಶೋಭಾ ಹೇಳಿದ ಕಥೆ ಕೇಳಿದರು, ಹನ್ನೆರಡು ಬಾಟಲಿಗೆ ಆರ್ಡರ್ ಕೊಟ್ಟರು.

ನಿಜ ಹೇಳುತ್ತೇನೆ, ಇಷ್ಟು ವರ್ಷದ ಸರ್ವೀಸಿನಲ್ಲಿ ಒಂದು ಉತ್ತರಪತ್ರಿಕೆಯನ್ನೂ ನಾನು ಇಷ್ಟು ಶ್ರದ್ಧೆಯಿಂದ ಕೊನೆಯವರೆಗೆ ನೋಡಿರಲಿಲ್ಲ.