ಹಿಂದಿನ ಸೀಟಿನ ನಿಕನೋರಾ

ಒಣಮೆಣಸಿನಕಾಯಿ ವ್ಯಾಪಾರಿ ಬಸಿಲಿಯೊ ತೊಟ್ಟು ಚಿವುಟಿಯೇ ಮಾಲಿನ ವಯಸ್ಸು ಹೇಳುವವನು. ಅವನ ಕಣ್ಣಿಗೆ ಅತ್ತೆ ನಿಕನೋರಾ ಕಂಡದ್ದು ಹೀಗೆ: ತೂಕ, ಒತ್ತಿ ತುಂಬಿದ ಎರಡು ಮೂಟೆ. ಎಡಮಂಡಿ ಸವೆದಿದೆ. ಹಲ್ಲು ಅರ್ಧ ಹೋಗಿವೆ, ನಾಲಿಗೆ ಮಾತ್ರ ಈಗಷ್ಟೇ ಪೆಟ್ಟಿಗೆ ಒಡೆದು ತೆಗೆದಂತಿದೆ. ಘಾಟು ಇಳಿದಿಲ್ಲ. ಮಗಳ ಜೊತೆಗೆ ಬಂದ ಮಾಲು. ವಾಪಸು ಕೊಡುವ ಹಾಗಿಲ್ಲ.

ಈ ಮಾಲನ್ನು ಮೋಟಾರುಸೈಕಲ್ಲಿನ ಹಿಂದೆ ಹೇರಿಕೊಂಡು ಅವನು ಓಹಾಕಾ ಸೀಮೆಯ ಬೆಟ್ಟಗಳನ್ನು ಹತ್ತಿಳಿಯುತ್ತ ವಾರವಾಗಿತ್ತು. ಹುಕೀಲಾ ಮಾತೆಗೆ ಹರಕೆ ತೀರಿಸಲು ಮನೆಮಂದಿ ಹೊರಟಿದ್ದರು. ಇನ್ನೊಂದು ಗಾಡಿಯಲ್ಲಿ ಅವನ ಹೆಂಡತಿ ಓತಿಲಿಯಾ ಮತ್ತು ಅವಳ ತಮ್ಮ ತೋಬಿಯಾಸ್. ಮಗ ಓಡಿಸಿದರೆ ಜೀವ ಬಾಯಿಗೆ ಬರುತ್ತದೆ, ಅಳಿಯ ಓಡಿಸಿದರೆ ನಿದ್ದೆ ಬರುತ್ತದೆ, ಎರಡರಲ್ಲಿ ನಿದ್ದೆಯೇ ವಾಸಿ ಎಂದು ನಿಕನೋರಾ ಹೊರಡುವ ದಿನವೇ ತೀರ್ಪು ಕೊಟ್ಟಿದ್ದಳು. ನಿದ್ದೆಯನ್ನೇನೂ ಮಾಡಲಿಲ್ಲ. ದಾರಿಯುದ್ದಕ್ಕೂ ಅಳಿಯನ ಬೆನ್ನು ತಟ್ಟುತ್ತ ಬಂದಳು: ಒಂದು ಏಟಿಗೆ ನಿಧಾನ ಎಂದರ್ಥ, ಎರಡಕ್ಕೆ ಹಣ್ಣಿನ ಅಂಗಡಿ.

ಹರಕೆ ತೀರಿಸಿ ಊರಿಗೆ ಮರಳುವ ಕೊನೆಯ ದಿನ ಬಸಿಲಿಯೊ ಯಾವ ಅಂಗಡಿಗೂ ನಿಲ್ಲಿಸಲಿಲ್ಲ. ಆ ಸಂಜೆ ಊರಿನಲ್ಲಿ ಸಂತ ಬಾರ್ತೊಲೊನ ಮೂರ್ತಿ ಮನೆ ಬದಲಾಯಿಸುವುದಿತ್ತು. ವರ್ಷಕ್ಕೊಂದು ಮನೆಯವರು ಮೂರ್ತಿಯನ್ನು ಇಟ್ಟುಕೊಂಡು ಹಬ್ಬ ನಡೆಸಬೇಕು. ಮದುವೆಯಾದಾಗಿನಿಂದ ಕಾದ ಮೇಲೆ ಈಗ ಬಸಿಲಿಯೊನ ಸರದಿ ಬಂದಿತ್ತು. ಸಂಜೆಯ ಗಂಟೆ ಹೊಡೆಯುವಾಗ ಸರದಿಯವನು ಇಗರ್ಜಿಯ ಬಾಗಿಲಲ್ಲಿ ಇಲ್ಲದಿದ್ದರೆ ಸಂತ ಮುಂದಿನವನ ಕೈಗೆ ಹೋಗುತ್ತಾನೆ. ಮುಂದಿನವನು ಎದುರು ಅಂಗಡಿಯ ಪ್ಲಾಸಿದೊ. ಅವನು ಬೆಳಗ್ಗೆಯೇ ಅಂಗಿ ಇಸ್ತ್ರಿ ಮಾಡಿಸಿಕೊಂಡಿದ್ದಾನೆಂದು ಫೋನಿನಲ್ಲಿ ಸುದ್ದಿ ಬಂದಿತ್ತು.

ಮಧ್ಯಾಹ್ನ ದಾಟುವ ಹೊತ್ತಿಗೆ ಒಂದು ಹಳ್ಳಿಯ ಬಳಿ ರಸ್ತೆಗೆ ಅಡ್ಡಲಾಗಿ ಹಗ್ಗ, ಹಗ್ಗದ ಹಿಂದೆ ಅಡ್ಡಲಾಗಿ ಒಂದು ಪಿಕಪ್ ಗಾಡಿ. ಎಡಕ್ಕೆ ಕಮರಿ, ಬಲಕ್ಕೆ ಬಂಡೆ. ಮೇಲಿನ ಹಳ್ಳಿಯವರು ನೀರಿನ ಪೈಪು ಕಿತ್ತುಹಾಕಿದ್ದಾರೆ, ಅಧಿಕಾರಿಗಳು ಬಂದು ಮಾತಾಡುವವರೆಗೆ ಒಂದು ನೊಣವೂ ದಾಟುವಂತಿಲ್ಲ ಎಂದು ಅಲ್ಲಿನ ಮುಖಂಡ ಮೆಲಿತೋನ್ ಬಹಳ ಮರ್ಯಾದೆಯಿಂದ ಹೇಳಿದ.

ಬಸಿಲಿಯೊ ಚೌಕಾಸಿಗೆ ಇಳಿದ. ನ್ಯಾಯ ನಿಮ್ಮ ಕಡೆಗೇ ಇದೆ ಎಂದ. ಅದಕ್ಕೆ ಅವರು ಹೌದೆಂದು ತಲೆಯಾಡಿಸಿದರು. ಮೆಸ್ಕಾಲ್ ಸಾರಾಯಿಯ ಬಾಟಲಿ ತೆಗೆದ. ಒಬ್ಬೊಬ್ಬರೂ ಒಂದೊಂದು ಗುಟುಕು ಕುಡಿದು, ಒಳ್ಳೇ ಸರಕು ಎಂದು ಮೆಚ್ಚಿ, ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿದರು. ಕೊನೆಗೆ ಅವನು ದನಿ ತಗ್ಗಿಸಿ, "ನಮ್ಮತ್ತೆಗೆ ಎದೆನೋವು ಕಣಣ್ಣ. ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಬೇಕು" ಎಂದ.

ಮೆಲಿತೋನನ ಮುಖ ಕರಗಿತು. ಕೈ ಹಗ್ಗದ ಗಂಟಿಗೆ ಹೋಯಿತು. ಅಷ್ಟರಲ್ಲಿ ಅತ್ತೆ, ಸುಟ್ಟ ಜೋಳದ ತೆನೆ ಕಚ್ಚುತ್ತಿದ್ದವಳು, ಬಾಯಿ ತೆರವು ಮಾಡಿಕೊಂಡಳು.

"ಯಾರಿಗೆ ಎದೆನೋವು? ನನಗಾ? ನನಗೆ ನೋಯ್ತಿರೋದು ಸೊಂಟ, ಅದೂ ಇವನು ಗಾಡಿ ಓಡ್ಸೋ ಚಂದಕ್ಕೆ. ಹರಕೆ ತೀರ್ಸಿ ಬರೋ ದಾರೀಲೇ ನನ್ನ ಮಲಗಿಸ್ತಾನಲ್ಲ, ನೋಡ್ರಪ್ಪ."

ಹಗ್ಗ ಹಿಡಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಟು ಇದ್ದಲ್ಲೇ ಉಳಿಯಿತು. ಬಸಿಲಿಯೊ ಕಮರಿಯನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದ.

ಅವಳು ಕುಂಟುತ್ತ ಹೋಗಿ, ರಸ್ತೆ ಬದಿಯ ಟಾರ್ಪಾಲಿನ ಕೆಳಗೆ ಒಲೆ ಹಚ್ಚಿದ್ದ ಹೆಂಗಸರ ನಡುವೆ ಕೂತು ಜೋಳದ ರೊಟ್ಟಿ ತಟ್ಟತೊಡಗಿದಳು. ದಾಟುವ ಮಾತೇ ಎತ್ತಲಿಲ್ಲ. ತೋಬಿಯಾಸ್ ಗಾಡಿಯ ನೆರಳಲ್ಲಿ ಮಲಗಿಬಿಟ್ಟ. ಬಸಿಲಿಯೊ ಸೂರ್ಯನನ್ನು ನೋಡಿದ, ಹೆಂಡತಿಯನ್ನು ನೋಡಿದ. ಅಮ್ಮ ಸುಮ್ಮಸುಮ್ಮನೆ ರೊಟ್ಟಿ ತಟ್ಟುವವಳಲ್ಲ ಎಂದಷ್ಟೇ ಓತಿಲಿಯಾ ಹೇಳಿದಳು.

ರೊಟ್ಟಿಯ ಜೊತೆಗೆ ನಿಕನೋರಾ ಕೇಳಿ ತಿಳಿದದ್ದು ಇಷ್ಟು. ಪಿಕಪ್ಪು ಮೆಲಿತೋನನದು, ಹೊಸದಾಗಿ ಕೊಂಡ ಹಳೆಯ ಗಾಡಿ. ಆ ಸೀಮೆಯಲ್ಲಿ ಕೊಂಡ ಗಾಡಿಗೂ ಮಗುವಿಗೆ ನಿಂತಂತೆ ಧರ್ಮತಾಯಿ, ಧರ್ಮತಂದೆ ನಿಂತು ತೀರ್ಥ ಹಾಕಿ ಹರಸಬೇಕು. ಇದಕ್ಕೆ ಹಾಗೆ ನಿಲ್ಲಬೇಕಿದ್ದ ದಂಪತಿ ಮೇಲಿನ ಹಳ್ಳಿಯವರು. ಈಗ ಪೈಪಿನ ಜಗಳದಲ್ಲಿ ಅವರನ್ನು ಕರೆಯುವಂತಿಲ್ಲ. ಹರಸದ ಗಾಡಿ ಆಗಲೇ ಎರಡು ಸಲ ಚರಂಡಿಗೆ ಇಳಿದಿದೆ. ಮೆಲಿತೋನನ ಹೆಂಡತಿ ಅದನ್ನು ಹತ್ತುವುದಿಲ್ಲವೆಂದು ಹಟ ಹಿಡಿದಿದ್ದಾಳೆ.

ನಿಕನೋರಾ ಕೈಯ ಹಿಟ್ಟು ಒರೆಸಿಕೊಂಡು ಎದ್ದಳು.

"ಏನಪ್ಪಾ ಮೆಲಿತೋನ್, ಇಷ್ಟು ಚಂದದ ಗಾಡೀನ ತಬ್ಬಲಿ ಥರ ಬೀದೀಲಿ ನಿಲ್ಸಿದೀಯಲ್ಲ. ನನ್ನ ಚೀಲದಲ್ಲಿ ಹುಕೀಲಾ ಮಾತೆಯ ತೀರ್ಥ ಇದೆ. ನಾನು ಧರ್ಮತಾಯಿ ಆಗ್ತೀನಿ. ಧರ್ಮತಂದೆ ನನ್ನ ಅಳಿಯ. ಸುಳ್ಳು ಹೇಳ್ತಾನೆ, ಆದ್ರೆ ಮನೆತನಸ್ಥ."

ಯಾತ್ರೆ ಮುಗಿಸಿ ಬಂದವಳು ತಾನಾಗಿ ಕೇಳಿದರೆ ಆ ಸೀಮೆಯಲ್ಲಿ ಯಾರು ಬೇಡವೆನ್ನುತ್ತಾರೆ? ಮೋಟಾರುಸೈಕಲ್ಲುಗಳಿಗೆ ಕಟ್ಟಿದ್ದ ಹೂಮಾಲೆ ಪಿಕಪ್ಪಿನ ಕನ್ನಡಿಗಳಿಗೆ ಏರಿತು. ನಾಲ್ಕು ಚಕ್ರಕ್ಕೂ ತೀರ್ಥ ಬಿತ್ತು. ಉಳಿದ ಮೆಸ್ಕಾಲನ್ನು ಬಸಿಲಿಯೊ ಬಾನೆಟ್ಟಿನ ಮೇಲೆ ಸುರಿದ, ಹೊಟ್ಟೆ ಉರಿದರೂ ಧಾರಾಳವಾಗಿಯೇ ಸುರಿದ. ಮೆಲಿತೋನ್ ಅವನನ್ನು ತಬ್ಬಿಕೊಂಡು 'ಕೊಂಪಾದ್ರೆ' ಎಂದ. ಗಾಡಿಗೆ ಧರ್ಮತಂದೆಯಾದವನು ಯಜಮಾನನಿಗೆ ಒಡಹುಟ್ಟಿದವನಿಗಿಂತ ಹತ್ತಿರ.

"ಹರಸಿದ ಗಾಡಿ ನಿಂತಲ್ಲೇ ನಿಲ್ಬಾರ್ದು," ಎಂದಳು ನಿಕನೋರಾ. "ಧರ್ಮತಾಯಿ ಮುಂದೆ, ಗಾಡಿ ಹಿಂದೆ, ಊರ ಗಡಿ ತನಕ ಮೊದಲ ಸವಾರಿ ಆಗ್ಬೇಕು."

"ಯಾವ ಕಡೆ ಗಡಿ, ಅವ್ವಾ?" ಎಂದು ಹಗ್ಗ ಹಿಡಿದವನೊಬ್ಬ ಕೇಳಿದ.

"ನಮ್ಮೂರ ಕಡೇದು. ಇನ್ಯಾವುದು?"

ಮೆಲಿತೋನ್ ಹಗ್ಗವನ್ನು ನೋಡಿದ, ತನ್ನವರನ್ನು ನೋಡಿದ. "ಬಿಚ್ರೋ," ಎಂದ. "ಕೊಂಪಾದ್ರೆಗೆ ಹಗ್ಗ ಅಡ್ಡ ಕಟ್ಟಿದ್ರೆ ನಾಳೆ ಯಾರು ನಮ್ಮನ್ನ ಮನುಷ್ಯರು ಅಂತಾರೆ?"

ಮೋಟಾರುಸೈಕಲ್ಲುಗಳು ದಾಟಿದವು, ಹಿಂದೆಯೇ ಹಾರ್ನು ಹೊಡೆಯುತ್ತ ಪಿಕಪ್ಪು, ಅದರಲ್ಲಿ ಮೆಲಿತೋನನ ಹೆಂಡತಿ. ಅವರ ಬೆನ್ನಿಗೇ ಹಗ್ಗ ಮತ್ತೆ ಬಿಗಿಯಿತು. ಗಡಿಯಲ್ಲಿ ಮೆಲಿತೋನ್ ಟೋಪಿ ತೆಗೆದು, ತಮ್ಮ ಹಳ್ಳಿಯ ಹಬ್ಬಕ್ಕೆ ವರ್ಷವರ್ಷವೂ ಬರಬೇಕೆಂದ. ಹುಟ್ಟಿದಾಗಿನಿಂದ ಯಾರಿಗೂ ಒಂದೇ ಮಾತಿಗೆ ಒಪ್ಪದ ಬಸಿಲಿಯೊ ಒಂದೇ ಮಾತಿಗೆ ಒಪ್ಪಿದ.

ಅವರು ಊರು ಮುಟ್ಟಿದಾಗ ಗಂಟೆ ಹೊಡೆಯುತ್ತಿತ್ತು. ಇಗರ್ಜಿಯ ಬಾಗಿಲಲ್ಲಿ ಪ್ಲಾಸಿದೊ ಗರಿಗರಿ ಅಂಗಿಯಲ್ಲಿ ಕೈ ಚಾಚಲು ಸಿದ್ಧನಾಗಿ ನಿಂತಿದ್ದ. ಹುಬ್ಬಿನವರೆಗೂ ಧೂಳು ಮೆತ್ತಿಕೊಂಡ ಬಸಿಲಿಯೊ ಅವನ ಮುಂದೆ ಹೋಗಿ ನಿಂತ. ಅಂಗಿ ಚೆನ್ನಾಗಿದೆ ಎಂದು ಹೇಳುವುದನ್ನು ಮರೆಯಲಿಲ್ಲ. ಸಂತ ಅವನ ತೋಳಿಗೆ ಬಂದ.

ಈಗ ಮೂರ್ತಿ ಅವನ ಮನೆಯ ನಡುಕೋಣೆಯಲ್ಲಿದೆ. ಬಸಿಲಿಯೊ ದಾರಿಯಲ್ಲಿ ಎಂಥ ಜಾಣತನ ಮಾಡಿ ಬಂದನೆಂದು ಸಂತೆಯಲ್ಲಿ ಮಾತಾಡಿಕೊಳ್ಳುತ್ತಾರೆ, ಅವನು ತಿದ್ದುವ ಗೋಜಿಗೆ ಹೋಗುವುದಿಲ್ಲ. ಆದರೆ ಸಂತನನ್ನು ಆ ಮನೆಗೆ ತಂದವಳು ನಿಕನೋರಾ. ಅದಕ್ಕಾಗಿ ಬಸಿಲಿಯೊ ಅವಳಿಗೆ ಋಣಿ.