ಮಳೆತೋಟಕ್ಕೆ ಬಂದ ಕೆರೆಗೋಡು

ಓದುಗರ ಗಮನಕ್ಕೆ ತರಬಯಸುವುದೇನೆಂದರೆ, ಸೂಲಿಬೆಲೆ ಹೋಬಳಿಯ ನಮ್ಮ ಊರಿನಲ್ಲಿ, ಡೇರಿಯಿಂದ ಮನೆಗೆ ಬರುವ ದಾರಿಯ ಇಳಿಜಾರಿಗೆ ಒಂದು ಕುಂಟೆಯಿದೆ. ನಮ್ಮ ಎರಡು ಸೀಮೆಹಸುಗಳು ನೀರು ಕುಡಿಯುವುದು ಅದರಲ್ಲೇ. ರಸ್ತೆ ಅಗಲವಾಗಿ, ಮೇಲುಗಡೆ ಟ್ರ್ಯಾಕ್ಟರ್ ರಿಪೇರಿ ಶೆಡ್ಡು ಬಂದ ಮೇಲೆ, ಮಳೆ ಬಿದ್ದಾಗಲೆಲ್ಲ ಡೀಸೆಲ್ಲು, ಗ್ರೀಸು ನೀರಿನಲ್ಲಿ ಕೊಚ್ಚಿಕೊಂಡು ಬಂದು ಕುಂಟೆಗೆ ಸೇರತೊಡಗಿದವು. ದೊಡ್ಡ ಹಸು ನೀರಿಗೆ ಮೂತಿಯಿಟ್ಟು, ಕುಡಿಯದೆ ಹಿಂದೆ ಸರಿದದ್ದನ್ನು ಖುದ್ದಾಗಿ ಕಂಡಿದ್ದೇನೆ.

ಡೇರಿಯ ಹೆಂಗಸರಿಗೆ ನಡೆದ ತರಬೇತಿಯೊಂದರಲ್ಲಿ ಮಳೆತೋಟದ ವಿಷಯ ತಿಳಿಯಿತು. ಅದರಂತೆ ರಸ್ತೆಗೂ ಕುಂಟೆಗೂ ನಡುವಿನ ನಮ್ಮ ಜಾಗದಲ್ಲಿ ಸೊಂಟದಾಳದ ಗುಂಡಿ ತೆಗೆಸಿದೆ. ತಳಕ್ಕೆ ಜಲ್ಲಿ, ಅದರ ಮೇಲೆ ಮರಳು ಹೆಚ್ಚಾಗಿ ಬೆರೆಸಿದ ಮಣ್ಣು ತುಂಬಿಸಿ, ನೀರು ನಿಲ್ಲಲು ಮೇಲೆ ಮೊಣಕಾಲಾಳದ ತಗ್ಗು ಉಳಿಸಿ, ಕಾಬಾಳೆ ಮತ್ತು ಲಾವಂಚ ನೆಟ್ಟೆ. ರಸ್ತೆಯ ನೀರು ಅಲ್ಲಿ ನಿಂತು, ಕೊಳೆಯನ್ನು ಮರಳಿಗೆ ಬಿಟ್ಟು, ಕೆಳಗೆ ಇಂಗಬೇಕು. ಮೊದಲ ಮಳೆಗೆ ಹಾಗೆಯೇ ಆಯಿತು. ಬೆಳಿಗ್ಗೆ ಕಪ್ಪಗೆ ನಿಂತಿದ್ದ ನೀರು ಸಂಜೆ ಹಾಲು ಕರೆಯುವ ಹೊತ್ತಿಗೆ ಇಂಗಿತ್ತು. ಅದನ್ನು ನೋಡಲು ಮೂರು ಸಲ ಹೋಗಿ ಬಂದೆನೆಂದು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ.

ಹೀಗಿರುವಾಗ ಅಣ್ಣನ ಮಗಳ ಮದುವೆಗೆಂದು ಆವತಿಯ ತವರಿಗೆ ಹೋದೆ. ಮರಳಿ ಬಂದಾಗ ಸದರಿ ಗುಂಡಿಯ ತುಂಬ ಕಪ್ಪು ಮಣ್ಣಿತ್ತು. ಬೇಸಿಗೆಯಲ್ಲಿ ಕೆರೆಯ ಹೂಳು ತೆಗೆದು ಹೊಲಕ್ಕೆ ಹೊಡೆಯುವುದು ನಮ್ಮ ಕಡೆಯ ರೂಢಿ. ಆ ಗೋಡುಮಣ್ಣಿಗಾಗಿ ಅಣ್ಣತಮ್ಮಂದಿರೇ ಜಗಳವಾಡುತ್ತಾರೆ. ನನ್ನ ಮೈದುನ ಅದನ್ನು ಒಂದು ಲೋಡು ನನ್ನ ಮಳೆತೋಟದ ಗಿಡಗಳ ಬುಡಕ್ಕೆ ಸುರಿದಿದ್ದ.

"ಬರೀ ಮರಳಲ್ಲಿ ಗಿಡ ಹೆಂಗೆ ಬರ್ತದೆ ಅತ್ತಿಗೆ? ನೋಡಿ ಹೊಟ್ಟೆ ಉರೀತು. ನಮ್ಮ ಹೊಲಕ್ಕೂ ಹೊಡೀದೆ ನಿಮಗೇ ಅಂತ ತಂದೆ."

ಜಿಗುಟಾದ ಆ ಮಣ್ಣು ಮರಳಿನ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆಂದು ಹೇಳಿದೆ. ಅತ್ತೆಯವರು ಜಗುಲಿಯಿಂದಲೇ, "ಗೋಡು ಬಿದ್ದ ಜಾಗ ಬಂಗಾರ ಕಣಮ್ಮ. ತಂದು ಹಾಕ್ದೋನ್ನ ಬೈತಾಳಲ್ಲ ಇವಳು" ಎಂದರು.

ಮುಂದಿನ ಮಳೆಗೆ ಗುಂಡಿ ನಾಟಿಗೆ ತಯಾರಾದ ಗದ್ದೆಯಂತೆ ನಿಂತಿತು. ನೀರು ಇಂಗದೆ, ಅಂಚು ಮೀರಿ, ಎಣ್ಣೆಯ ಬಣ್ಣಬಣ್ಣದ ಪೊರೆಯ ಸಮೇತ ಕುಂಟೆಗೆ ಇಳಿಯಿತು. ಅದೇ ವಾರ ಕಾಬಾಳೆ ಕೆಂಪಗೆ ಹೂಬಿಟ್ಟಿತು. ಆನಂತರ ನನ್ನ ಮಾತಿಗೆ ಬೆಲೆಯೇ ಉಳಿಯಲಿಲ್ಲ. ಡೇರಿಗೆ ಹಾಲು ಹಾಕಲು ಹೋಗುವವರು ನಿಂತು ನೋಡಿ, ಮೈದುನನ ಬೆನ್ನು ತಟ್ಟಿದರು. ಒಬ್ಬರು, "ಪಾರ್ಕು ಮಾಡ್ಬಿಟ್ಟೆಯಲ್ಲೋ ಗುರು, ಟಿಕೀಟು ಇಡು" ಎಂದರು. ಹತ್ತು ಹೆಜ್ಜೆ ಕೆಳಗಿನ ಕುಂಟೆಯನ್ನು ಯಾರೂ ನೋಡಲಿಲ್ಲ.

ಪ್ರೀತಿಯಿಂದ ಆದ ತಪ್ಪಿನ ಬಗ್ಗೆ ಯಾರಿಗೆ ದೂರು ಸಲ್ಲಿಸಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ. ಹಸುಗಳನ್ನು ಕೊಟ್ಟಿಗೆಯಲ್ಲೇ ಕಟ್ಟಿ, ನಲ್ಲಿ ನೀರು ಬಂದ ದಿನ ಹಿಡಿದಿಟ್ಟು ಕುಡಿಸಿದೆ. ನಲ್ಲಿ ಬಾರದ ಮೂರನೆಯ ದಿನ ಸಲಿಕೆ ಹಿಡಿದು ಗುಂಡಿಗೆ ಇಳಿದು, ಹೂವಿನ ಸಮೇತ ಕಾಬಾಳೆಯನ್ನು ಕಿತ್ತೆ.

ಮೈದುನ ಬಂದ. "ಹೂ ಬಿಟ್ಟಿರೋ ಗಿಡ ಕೀಳ್ತಾರಾ ಅತ್ತಿಗೆ" ಎಂದವನು, ನಾನು ಮೇಲೆತ್ತಿ ಹಾಕಿದ ಗೋಡನ್ನು ಮಂಕರಿಗೆ ತುಂಬಿ ತನ್ನ ರಾಗಿ ಹೊಲಕ್ಕೆ ಹೊರತೊಡಗಿದ. ಕೆಳಗಿನ ಮರಳೂ ಜಿಗುಟಾಗಿತ್ತು, ಅದನ್ನೂ ತೆಗೆಯಬೇಕಾಯಿತು. ಜಲ್ಲಿ ಕಾಣಿಸುವ ಹೊತ್ತಿಗೆ ಹನಿ ಶುರುವಾಯಿತು. ತರಿಸಲು ಹೇಳಿದ್ದ ಹೊಸ ಮರಳು ಇನ್ನೂ ಬಂದಿರಲಿಲ್ಲ.