ಬಾಣ ಬಿಟ್ಟ ಮೇಲೆ ಕೂರುವುದು

ಗೋಣಿಮರದ ಹಾಡಿಯಲ್ಲಿ ಜವರನಿಗಿಂತ ಚೆನ್ನಾಗಿ ಬಿಲ್ಲು ಎಳೆಯುವವರು ಇರಲಿಲ್ಲ. ಜವರನಿಗಿಂತ ಕೆಟ್ಟದಾಗಿ ಕೂರುವವರೂ ಇರಲಿಲ್ಲ. ಕೋಟೆ ಪಟ್ಟಣದಿಂದ ಅಂತರಸಂತೆ ಕಡೆಗೆ ಹೋಗಿ, ಅಲ್ಲಿಂದ ಕಾಡೊಳಗೆ ಕಾಲು ನೋಯುವಷ್ಟು ನಡೆದರೆ ಸಿಗುತ್ತಿದ್ದ ಹಾಡಿ ಅದು. ಬಿದಿರು ತಡಿಕೆಯ ಗುಡಿಸಲುಗಳು, ನಡುವೆ ಒಂದು ಗೋಣಿಮರ, ಮರದ ಬುಡದಲ್ಲಿ ಕಲ್ಲಿನ ದೇವರು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಾಡಿಗೆ ಗಾರ್ಡು ಬರುತ್ತಿದ್ದದ್ದು ಬೆಂಕಿ ಬಿದ್ದಾಗ ಮಾತ್ರ, ಬಿಲ್ಲು ಹಿಡಿದವನನ್ನು ಕಂಡರೆ ಎಲೆಅಡಿಕೆ ಕೇಳಿ ಮುಂದೆ ಹೋಗುತ್ತಿದ್ದ.

ಹಾಡಿಯ ಬೇಟೆಗೆ ಯಜಮಾನ ಪುಟ್ಟ. ಒಣಗಿದ ನೆಲ್ಲಿಕಾಯಿಯ ಹಾಗಿದ್ದ ಮುದುಕ, ಮಾತು ಕಡಿಮೆ, ಆಡಿದ್ದೆಲ್ಲ ಹುಳಿ. ಅವನು ನಡೆಸಿಕೊಂಡು ಬಂದ ಕಟ್ಟಳೆ ಎರಡೇ. ಬಾಣ ಬಿಟ್ಟವನು ಬಿಟ್ಟ ಜಾಗದಲ್ಲೇ ಕೂತು, ಬಾಯಿಗೆ ಎಲೆಅಡಿಕೆ ಹಾಕಿ, ಅದರ ರಸವೆಲ್ಲ ಹೋಗಿ ನಾರು ಉಳಿಯುವವರೆಗೆ ಏಳಬಾರದು. ಪೆಟ್ಟು ತಿಂದ ಪ್ರಾಣಿ ಬೆನ್ನಟ್ಟುವವರಿಲ್ಲ ಎಂದು ತಿಳಿದರೆ ಹತ್ತಿರದಲ್ಲೇ ಮಲಗುತ್ತದೆ, ಅಲ್ಲೇ ಸಾಯುತ್ತದೆ. ಅಟ್ಟಿಸಿಕೊಂಡು ಹೋದರೆ ಜೀವ ಕೈಯಲ್ಲಿ ಹಿಡಿದು ಓಡುತ್ತದೆ, ಎಲ್ಲೋ ನರಳಿ ಸಾಯುತ್ತದೆ, ಯಾರ ಬಾಯಿಗೂ ಆಗುವುದಿಲ್ಲ. ಎರಡನೆಯ ಕಟ್ಟಳೆ, ಬಿಟ್ಟವನೇ ಬಾಣ ಕೀಳಬೇಕು. ಅಪ್ಪನಿಗಾಗಲಿ ತಮ್ಮನಿಗಾಗಲಿ ಅದನ್ನು ಮುಟ್ಟುವ ಹಕ್ಕಿಲ್ಲ. ತನ್ನ ಕೈ ಮಾಡಿದ ಕೆಲಸವನ್ನು ತನ್ನ ಕಣ್ಣೇ ನೋಡಲಿ ಎಂದು ಪುಟ್ಟ ಹೇಳುತ್ತಿದ್ದ. ಆಮೇಲೆ ಹಾಡಿಗೆ ಬಂದು, ಬಾಣ ಎಲ್ಲಿ ಬಿತ್ತು, ಪ್ರಾಣಿ ಎಷ್ಟು ನರಳಿತು ಎನ್ನುವುದನ್ನು ಎಲ್ಲರ ಮುಂದೆ ಒಪ್ಪಿಸಬೇಕು.

ಜವರನಿಗೆ ಈ ಕೂರುವ ವಿದ್ಯೆ ಹತ್ತಲೇ ಇಲ್ಲ. ಬಾಣ ಬಿಟ್ಟ ಮರುಗಳಿಗೆಗೆ ಅವನ ಕಾಲು ಅವನ ಮಾತು ಕೇಳುತ್ತಿರಲಿಲ್ಲ. ಗುರಿ ಚೆನ್ನಾಗಿದ್ದುದರಿಂದ ಹೇಗೋ ನಡೆದುಹೋಗುತ್ತಿತ್ತು, ಜಿಂಕೆ ನಾಲ್ಕು ಹೆಜ್ಜೆಗೆ ಬಿದ್ದರೆ ಕೂತರೇನು ಓಡಿದರೇನು. ಹಾಡಿಯ ಹೆಂಗಸರು ಅವನಿಗೆ ಓಟದ ಜವರ ಎಂದು ಹೆಸರಿಟ್ಟಿದ್ದರು. ಪುಟ್ಟನ ಮಗಳು ಮುತ್ತಿ ಹಾಗೆ ಕರೆದಾಗ ಮಾತ್ರ ಅವನಿಗೆ ಖುಷಿಯಾಗುತ್ತಿತ್ತು. ಮದುವೆಯ ಮಾತು ಎತ್ತಿದಾಗ ಪುಟ್ಟ ಸುತ್ತಿಬಳಸದೆ ಉತ್ತರ ಕೊಟ್ಟ. ಕೂರೋದು ಕಲಿತುಕೊಂಡು ಬಾ, ಆಮೇಲೆ ನೋಡೋಣ.

ಆ ವರ್ಷದ ಬೇಸಿಗೆಯಲ್ಲಿ ಜವರ ಒಂದು ಹೆಣ್ಣು ಕಡವೆಗೆ ಹೊಡೆದ. ಹುಲ್ಲಿನ ಬಯಲಲ್ಲಿ ನಿಂತಿತ್ತು, ಬಾಣ ಬಿಡುವ ಹೊತ್ತಿಗೆ ಒಂದು ಹೆಜ್ಜೆ ಮುಂದಿಟ್ಟಿತು. ಭುಜದ ಹಿಂದೆ ಬೀಳಬೇಕಾದ್ದು ಹೊಟ್ಟೆಗೆ ಬಿತ್ತು. ನೆಲದ ಮೇಲೆ ಸಿಕ್ಕ ರಕ್ತ ಕಪ್ಪಾಗಿತ್ತು, ಅರೆದ ಹುಲ್ಲಿನ ಹಸಿರು ಬೆರೆತಿತ್ತು. ಅಂಥ ರಕ್ತ ಕಂಡರೆ ಒಂದು ಎಲೆಅಡಿಕೆಯಲ್ಲ, ಇಡೀ ಸಂಚಿ ಖಾಲಿಯಾಗುವವರೆಗೆ ಕೂರಬೇಕು. ಜವರ ಓಡಿದ. ಅವನು ಓಡಿದಷ್ಟೂ ಅದು ಓಡಿತು. ಮಲಗಿದ್ದ ಜಾಗಗಳು ಒಂದೊಂದಾಗಿ ಸಿಕ್ಕವು, ಪ್ರತಿ ಸಲವೂ ಇವನ ಸದ್ದಿಗೆ ಎದ್ದು ಹೋಗಿತ್ತು. ಕೊನೆಗೆ ಕಪಿಲೆಗೆ ಇಳಿದು ಆಚೆ ದಡ ಸೇರಿದ ಹೆಜ್ಜೆ ಕಂಡಾಗ ಜವರ ತಲೆಯ ಮೇಲೆ ಕೈ ಹೊತ್ತು ಮರಳಿನಲ್ಲಿ ಕುಸಿದ.

ಪುಟ್ಟ ಬೈಯಲಿಲ್ಲ. ಹದ್ದು ಇಳಿಯುವ ಕಡೆ ನೋಡಿಕೊಂಡು ಹೊಳೆ ದಾಟು, ನಿನ್ನ ಬಾಣ ಕಿತ್ತುಕೊಂಡು ಬಾ ಎಂದಷ್ಟೇ ಹೇಳಿ ಹಿಂದೆಯೇ ತಾನೂ ಹೋದ. ಕಡವೆ ಸಿಕ್ಕಿತು. ಸಿಕ್ಕಿದ್ದು ಕಡವೆ ಅಂತ ಕೊಂಬಿಲ್ಲದ ತಲೆಯಿಂದ ಗೊತ್ತಾಗಬೇಕು, ಹಾಗೆ ಕೊಳೆತಿತ್ತು. ಜವರ ಮೂಗು ಮುಚ್ಚಿಕೊಳ್ಳಲು ಹೋದಾಗ ಪುಟ್ಟ ಅವನ ಕೈಯನ್ನು ಕೆಳಗಿಳಿಸಿದ. ಬಾಣ ಪಕ್ಕೆಲುಬಿನ ಕೆಳಗೆ ಬಾಗಿ ಸಿಕ್ಕಿಕೊಂಡಿತ್ತು. ಜವರ ಕಾಲೂರಿ ಎಳೆದ. ಬಂತು. ಹೊಳೆಯಲ್ಲಿ ಕೈ ತೊಳೆದ, ತೊಳೆದಷ್ಟಕ್ಕೂ ವಾಸನೆ ಹೋಗಲಿಲ್ಲ, ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತ. ಬೇಟೆಗಾರ ಅಳುವುದನ್ನು ನೋಡಿಯೂ ನೋಡದವನಂತೆ ಮುದುಕ ಮೀನು ನೋಡುತ್ತ ನಿಂತ.

ಮುಂದಿನ ಮಳೆಗಾಲ ಮುಗಿಯುವವರೆಗೆ ಬಿಲ್ಲು ಮುಟ್ಟಬಾರದೆಂದು ಹಾಡಿ ತೀರ್ಮಾನಿಸಿತು. ಬಿಲ್ಲಿಲ್ಲದೆ ಗೆಣಸು ಅಗೆಯುತ್ತ ಹಾಡಿಯಲ್ಲಿರಲು ಮರ್ಯಾದೆ ಒಪ್ಪದೆ ಜವರ ಪಿರಿಯಾಪಟ್ಟಣದ ಕಡೆ ಕೂಲಿಗೆ ಹೊರಟ. ಅವನು ತಿರುಗಿ ಬರುವುದಿಲ್ಲ, ಕೊಡಗಿನ ತೋಟ ಸೇರಿ ಅಲ್ಲೇ ಉಳಿಯುತ್ತಾನೆ ಎಂದು ಜನ ಆಡಿಕೊಂಡರು. ಮುತ್ತಿ ಅಪ್ಪನನ್ನು ಒಂದೇ ಒಂದು ಮಾತು ಕೇಳಿದಳು, ಬಾಣ ಕಿತ್ತಿದ್ದು ಅವನೇನಾ ಎಂದು. ಪುಟ್ಟ ಹೌದೆಂದು ತಲೆಯಾಡಿಸಿದ.

"ಅಂಗಾರೆ ಬತ್ತಾನೆ ಬುಡು," ಎಂದಳು ಮುತ್ತಿ, ಮತ್ತೆ ಬುಟ್ಟಿ ಹೆಣೆಯಲು ಕೂತಳು.

ಜವರನಿಗೆ ಕೆಲಸ ಸಿಕ್ಕಿದ್ದು ರಾವಂದೂರಿನ ನಂಜುಂಡಸ್ವಾಮಿಯವರ ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ. ಎತ್ತರದ ಗೋಡೆಯ ಕಿಟಕಿಯಿಲ್ಲದ ಮನೆ, ಒಳಗೆ ಸಾಲುಸಾಲು ಸೊಪ್ಪು ತೂಗುಹಾಕಿ ಹೊರಗಿನ ಒಲೆಗೆ ಸೌದೆ ಕೊಡಬೇಕು. ಬೆಂಕಿ ಹೆಚ್ಚಾದರೆ ಸೊಪ್ಪು ಹಸಿರಿಗೇ ಸುಟ್ಟುಹೋಗುತ್ತದೆ, ಕಡಿಮೆಯಾದರೆ ಕಪ್ಪಾಗಿ ಕೊಳೆಯುತ್ತದೆ. ಒಲೆಯ ಮುಂದೆ ಕೂತು ಒಂದೊಂದೇ ತುಂಡು ನೂಕುತ್ತಿರಬೇಕು, ಅಷ್ಟೇ ಕೆಲಸ. ಮೊದಲ ಸಲ ಬೇಗ ಮುಗಿಯಲಿ ಎಂದು ಜವರ ದೊಡ್ಡ ಉರಿ ಹಾಕಿ ಅವರ ಒಂದು ಬ್ಯಾರನ್ ಸೊಪ್ಪು ಹಾಳುಮಾಡಿದ. ನಂಜುಂಡಸ್ವಾಮಿ ಮೂರು ತಲೆಮಾರು ಸೇರಿಸಿ ಬೈದರು, ಆದರೆ ಓಡಿಸಲಿಲ್ಲ, ಕಟಾವಿನ ಕಾಲ, ಆಳು ಸಿಗುತ್ತಿರಲಿಲ್ಲ. ಎರಡನೆಯ ಸಲ ಜವರ ಕೂತ. ಕಾಲು ಜೋಮು ಹಿಡಿಯಿತು, ಸೊಳ್ಳೆ ಕಡಿಯಿತು, ಆದರೂ ಕೂತ. ಹಸಿರು ತಿರುಗಿ ನಿಂಬೆಹಣ್ಣಿನ ಬಣ್ಣ ಬರುವುದನ್ನು ಬಾಗಿಲ ಸಂದಿಯಲ್ಲಿ ನೋಡಿದಾಗ, ಸುಮ್ಮನಿರುವುದೂ ಒಂದು ಕೆಲಸವೇ ಎಂದು ಅವನಿಗೆ ಮೊದಲ ಬಾರಿ ಅನಿಸಿತು.

ಬಂದ. ಮುತ್ತಿಯನ್ನು ಮದುವೆಯಾದ. ಆಮೇಲಿನ ವರ್ಷಗಳಲ್ಲಿ ಅವನು ಹೊಡೆದದ್ದಕ್ಕಿಂತ ಹೊಡೆಯದೆ ಬಿಟ್ಟಿದ್ದೇ ಹೆಚ್ಚು. ಮರಿ ಪಕ್ಕದಲ್ಲಿದ್ದರೆ ಬಿಟ್ಟ. ನಡುವೆ ಒಂದು ಕಡ್ಡಿ ಅಡ್ಡವಿದ್ದರೂ ಬಿಟ್ಟ. ಒಮ್ಮೆ ಹಾಡಿಯ ದೇವರ ಹಬ್ಬಕ್ಕೆಂದು ಬೇಟೆಗೆ ಹೋದವನು, ಮರದಷ್ಟು ಕೊಂಬಿನ ಕಡವೆ ಎದುರಿಗೇ ನಿಂತರೂ ಅದು ಪಕ್ಕಕ್ಕೆ ತಿರುಗಲಿಲ್ಲವೆಂದು ಬರಿಗೈಯಲ್ಲಿ ಬಂದ. ಹಬ್ಬಕ್ಕೆ ಗೆಣಸೇ ಗತಿಯಾಯಿತು. ಓಟದ ಜವರ ಹೋಗಿ ಕಲ್ಲುಜವರನಾದ. ಉಪ್ಪು ತರಲು ಕಳಿಸಿದರೂ ದಾರಿಯಲ್ಲಿ ಕೂತುಬಿಡುತ್ತಾನೆ ಎಂದು ಮುತ್ತಿ ಊರೆಲ್ಲ ಹೇಳಿಕೊಂಡು ನಕ್ಕಳು. ಆದರೆ ಅವನ ಬಾಣ ತಗುಲಿದ ಪ್ರಾಣಿ ಇನ್ನೆಂದೂ ಹೊಳೆ ದಾಟಲಿಲ್ಲ. ಪುಟ್ಟ ಸಾಯುವ ಮುಂಚೆ ತನ್ನ ಎಲೆಅಡಿಕೆಯ ಸಂಚಿಯನ್ನು ಅಳಿಯನ ಕೈಗೆ ಕೊಟ್ಟ. ಯಜಮಾನಿಕೆ ಕೊಟ್ಟೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಎಪ್ಪತ್ತರ ದಶಕ ಬಂದಾಗ ಎಲ್ಲ ತಲೆಕೆಳಗಾಯಿತು. ಬೇಟೆ ಅಪರಾಧ ಎಂದು ಕಾಯಿದೆ ಬಂತು. ಕಪಿಲೆಗೆ ಕಟ್ಟಿದ ಅಣೆಕಟ್ಟಿನ ಹಿಂದೆ ನೀರು ಏರುತ್ತ ಬಂದು ಹುಲ್ಲಿನ ಬಯಲೂ ಹಳೆಯ ಹಾಡಿಯೂ ಮುಳುಗಿದವು. ಹಾಡಿಯನ್ನು ಕಾಡಿನ ಅಂಚಿಗೆ, ರಸ್ತೆಯ ಪಕ್ಕಕ್ಕೆ ತಂದು ಕೂರಿಸಿದರು. ಗೋಣಿಮರ ಬರಲಿಲ್ಲ, ಹೆಸರು ಮಾತ್ರ ಬಂತು. ಜವರನಿಗೆ ಸಿಟ್ಟು ಬರಲಿಲ್ಲವೆಂದಲ್ಲ, ಬಂತು, ಬಹಳ ಬಂತು. ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯದೆ ನುಂಗಿಕೊಂಡ. ಬಿಲ್ಲಿನ ಹುರಿ ಬಿಚ್ಚಿದ, ಮುತ್ತಿ ಅದರಲ್ಲಿ ಒಲೆಯ ಮೇಲೆ ಒಣಮೀನಿನ ಬುಟ್ಟಿ ಕಟ್ಟಿದಳು. ಅರಣ್ಯ ಇಲಾಖೆಯಲ್ಲಿ ವಾಚರ್ ಕೆಲಸ ಸಿಕ್ಕಿತು, ಖಾಕಿ ಅಂಗಿ ಕೊಟ್ಟರು. ಜಿಂಕೆ ಹೊಡೆಯುತ್ತಿದ್ದವನು ಜಿಂಕೆ ಕಾಯುವವನಾದ. ಅವನ ಜೊತೆ ಬೀಟು ತಿರುಗುತ್ತಿದ್ದ ಗಾರ್ಡು ಗುರುಸ್ವಾಮಿ ಕೆ.ಆರ್. ನಗರದ ಕಡೆಯವನು, ಮಿರ್ಲೆಯ ಹುಡುಗ, ಒಳ್ಳೆಯವನು, ಆನೆ ಎಂದರೆ ಮಾತ್ರ ಕೈಕಾಲು ಬಿದ್ದುಹೋಗುತ್ತಿದ್ದವು.

ಮುತ್ತಿಗೆ ಒಬ್ಬನೇ ತಮ್ಮ, ಚೆನ್ನ. ಅಕ್ಕನಿಗಿಂತ ತುಂಬ ಚಿಕ್ಕವನು, ಅಪ್ಪ ಸತ್ತ ಮೇಲೆ ಅವಳೇ ಸಾಕಿದ್ದಳು. ಅವನೂ ಬಿಲ್ಲು ಕಲಿತ, ಆದರೆ ಕಾಯಿದೆ ಬಂದ ಮೇಲೆ ಕಲಿತ. ಕದ್ದು ಹೊಡೆಯುವುದು, ಹೊಡೆದು ಓಡುವುದು, ಕತ್ತಲಾದ ಮೇಲೆ ಬಂದು ಹೊತ್ತೊಯ್ಯುವುದು, ಅವನಿಗೆ ಗೊತ್ತಿದ್ದ ಬೇಟೆ ಇಷ್ಟೇ. ಕೂತವನು ಸಿಕ್ಕಿಬೀಳುವ ಕಾಲ ಅದು. ಜವರ ಎಷ್ಟು ಹೇಳಿದರೂ ಚೆನ್ನ, ನಿಮ್ಮ ಕಾಲ ಬೇರೆ ಬಾವ ಎಂದು ತಳ್ಳಿಹಾಕುತ್ತಿದ್ದ. ಅದರಲ್ಲಿ ಸುಳ್ಳಿರಲಿಲ್ಲ.

ಒಂದು ಬೆಳಿಗ್ಗೆ ಜವರ ಒಬ್ಬನೇ ಕೆರೆಯ ಏರಿಯ ಮೇಲೆ ಬರುತ್ತಿದ್ದಾಗ ರಕ್ತ ಕಂಡಿತು. ಬೆರಳಲ್ಲಿ ಮುಟ್ಟಿ ನೋಡಿದ. ಕಪ್ಪು, ಹಸಿರು ಬೆರೆತದ್ದು. ಹೊಳೆಯ ಆಚೆ ದಡದ ವಾಸನೆ ಇಷ್ಟು ವರ್ಷದ ಮೇಲೆ ಮೂಗಿಗೆ ಬಡಿಯಿತು. ಒಂದು ಕಡೆಗೆ ಕಡವೆಯ ಗೊರಸಿನ ಗುರುತು ಲಂಟಾನಾ ಪೊದೆಯೊಳಗೆ ಹೋಗಿತ್ತು, ಇನ್ನೊಂದು ಕಡೆಗೆ ಮನುಷ್ಯನ ಬರಿಗಾಲಿನ ಗುರುತು ಹಾಡಿಯತ್ತ ಓಡಿತ್ತು. ಹೆಬ್ಬೆರಳು ಹೊರಕ್ಕೆ ತಿರುಗಿದ ಆ ಕಾಲು ಪುಟ್ಟನ ಮನೆಯದು, ಮುತ್ತಿಯದೂ ಹಾಗೇ ಇತ್ತು.

ಚೆನ್ನ ಕಂಬಳಿ ಹೊದ್ದು ಜ್ವರದವನಂತೆ ಮಲಗಿದ್ದ. ಹೆಂಡತಿ ನೀರಿಗೆ ಹೋಗಿದ್ದಳು. ಜವರ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತ.

"ಹೊಟ್ಟೆಗೆ ಬಿದ್ದದೆ ಕಣ್ಲಾ ಚೆನ್ನ. ಅದಿನ್ನೂ ಸತ್ತಿಲ್ಲ."

ಕಂಬಳಿಯ ಒಳಗಿಂದಲೇ ಮಾತು ಬಂತು. "ಗಾರ್ಡು ಬತ್ತಾನೆ ಬಾವ. ಇಡ್ಕೊಂಡೋಯ್ತಾರೆ."

"ಬತ್ತಾನೆ. ನಾ ಓಗಿ ಕುಂತಿರ್ತೀನಿ. ನೀ ಬರಂಗಿದ್ರೆ ಬಾ."

ಒಬ್ಬರನ್ನು ಎಳೆದುಕೊಂಡು ಹೋಗಿ ಕೂರಿಸಲು ಆಗುವುದಿಲ್ಲ ಎಂದು ಜವರನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅವನು ಒಬ್ಬನೇ ತಿರುಗಿ ಹೋದ. ಕಡವೆ ಪೊದೆಯಾಚೆ ಒಂದು ಮತ್ತಿಮರದ ಕೆಳಗೆ ಕಾಲು ಮಡಿಸಿ ಮಲಗಿತ್ತು. ಅದಕ್ಕೆ ಕಾಣದಷ್ಟು ದೂರದಲ್ಲಿ, ಗಾಳಿ ನೋಡಿಕೊಂಡು ಕೂತ. ಮಾವನ ಸಂಚಿ ಬಿಚ್ಚಿ ಎಲೆಅಡಿಕೆ ಹಾಕಿದ. ಕಡವೆಯ ಕಿವಿ ಆಡುತ್ತಿತ್ತು, ಕುತ್ತಿಗೆ ಮೆಲ್ಲಗೆ ತಗ್ಗುತ್ತಿತ್ತು, ಮತ್ತೆ ಏಳುತ್ತಿತ್ತು. ಬಿಸಿಲು ನೆತ್ತಿಗೆ ಬರುವ ಮುಂಚೆ ತಲೆ ನೆಲಕ್ಕಿಟ್ಟಿತು, ಮತ್ತೆ ಎತ್ತಲಿಲ್ಲ. ಜವರ ಎದ್ದು ಹತ್ತಿರ ಹೋಗಿ ಪಕ್ಕದಲ್ಲಿ ಕೂತ.

ಅಷ್ಟರಲ್ಲಿ ಗುರುಸ್ವಾಮಿ ಏದುಸಿರು ಬಿಡುತ್ತ ಬಂದ. ಕಡವೆ ನೋಡಿದ, ಬಾಣ ನೋಡಿದ, ಜವರನ ಮುಖ ನೋಡಿದ. ಯಾರದ್ದೆಂದು ಅವನೂ ಊಹಿಸಿದ್ದಿರಬೇಕು, ಕೇಳಲಿಲ್ಲ. ರೇಂಜರ್ ಸಾಹೇಬರ ಜೀಪು ಏರಿಯ ಮೇಲೆ ನಿಂತಿದೆ, ಇನ್ನೇನು ಇಳಿದು ಬರುತ್ತಾರೆ ಎಂದ. ಆಮೇಲೆ ದನಿ ತಗ್ಗಿಸಿದ.

"ಕಿತ್ತು ಕೆರೆಗೆ ಎಸೀರಿ ಜವರಣ್ಣ. ಸೀಳುನಾಯಿ ಹಿಡಿದಿದ್ವು ಅಂತ ನಾನು ಹೇಳ್ತೀನಿ."

ಒಂದೇ ಎಳೆತ. ಚೆನ್ನನಿಗೆ ಜೈಲಿಲ್ಲ, ಅವನ ಹಸುಗೂಸಿಗೆ ಅಪ್ಪ ಇರುತ್ತಾನೆ, ಮುತ್ತಿಗೆ ತಮ್ಮ ಇರುತ್ತಾನೆ, ತನಗೆ ಕೆಲಸ ಇರುತ್ತದೆ. ಒಬ್ಬ ಮುದುಕ ಮಾಡಿದ ಕಟ್ಟಳೆ, ಆ ಮುದುಕನೂ ಇಲ್ಲ, ಆ ಹಾಡಿಯೂ ನೀರಿನ ಅಡಿಯಲ್ಲಿದೆ. ಜವರನ ಕೈ ತಾನಾಗಿ ಹೋಗಿ ಬಾಣದ ಕಡ್ಡಿ ಹಿಡಿಯಿತು. ಹಿಡಿದದ್ದು ಎಳೆಯಲಿಲ್ಲ. ಎಳೆದರೆ ಚೆನ್ನ ಬದುಕಿರುವವರೆಗೂ ಓಡುತ್ತಲೇ ಇರುತ್ತಾನೆ ಅನಿಸಿತು, ಎಳೆಯದಿದ್ದರೆ ಹೆಂಡತಿಗೆ ಮುಖ ಹೇಗೆ ತೋರಿಸುವುದು ಅನಿಸಿತು. ಅವನಿಗೆ ಹೆದರಿಕೆಯಾಯಿತು. ಏರಿಯ ಕಡೆಯಿಂದ ಬೂಟಿನ ಸದ್ದು ಕೇಳಿಸುತ್ತಿತ್ತು. ಗುರುಸ್ವಾಮಿ ಮತ್ತೆ ಅವಸರಪಡಿಸಿದ.

"ಬುಡು ಬಾವ. ಅದು ನಂದು."

ಚೆನ್ನ ಲಂಟಾನಾದೊಳಗಿಂದ ಬಂದ. ಮೈಕೈಯೆಲ್ಲ ತರಚಿತ್ತು. ಎಷ್ಟು ಹೊತ್ತಿನಿಂದ ಅಲ್ಲಿದ್ದನೋ, ಬಾಯಲ್ಲಿ ಎಲೆಅಡಿಕೆಯ ನಾರಿತ್ತು, ಅದನ್ನು ಉಗಿದ. ಜವರ ಕೈ ತೆಗೆದು ಪಕ್ಕಕ್ಕೆ ಸರಿದ. ಚೆನ್ನ ಕಡವೆಯ ಪಕ್ಕೆಗೆ ಕಾಲೂರಿ, ಕಣ್ಣು ಮುಚ್ಚದೆ, ಬಾಣ ಎಳೆದ. ಹೊಟ್ಟೆಯೊಳಗಿನದೆಲ್ಲ ಜೊತೆಗೆ ಬಂತು. ಅವನು ಅದನ್ನು ಕೈಯಲ್ಲಿ ಹಿಡಿದು ನಿಂತಿರುವಾಗಲೇ ರೇಂಜರ್ ಬಂದರು.

ಇಬ್ಬರನ್ನೂ ಕೋಟೆಗೆ ಕರೆದುಕೊಂಡು ಹೋದರು. ಸಂಜೆ ಜವರನನ್ನು ಬಿಟ್ಟರು, ಖಾಕಿ ಅಂಗಿ ಬಿಚ್ಚಿಸಿಕೊಂಡು ಬಿಟ್ಟರು. ಚೆನ್ನನನ್ನು ಮೈಸೂರಿನ ಜೈಲಿಗೆ ಕಳಿಸುತ್ತಾರೆ, ಮಳೆಗಾಲ ಕಳೆಯುವವರೆಗೆ ಬರುವುದಿಲ್ಲ ಎಂದು ಗುರುಸ್ವಾಮಿ ಗೇಟಿನ ಹತ್ತಿರ ಮುಖ ಸಪ್ಪಗೆ ಮಾಡಿಕೊಂಡು ಹೇಳಿದ. ಜವರ ಬನಿಯನ್ನಿನಲ್ಲೇ ನಡೆದು ಬಂದ. ದಾರಿಯಲ್ಲಿ ಎಲ್ಲೂ ಕೂರಲಿಲ್ಲ.

ಮುತ್ತಿ ಬಾಗಿಲಲ್ಲಿದ್ದಳು. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು, ಅತ್ತ ಗುರುತು ಮುಖದಲ್ಲಿತ್ತು. ನನ್ನ ತಮ್ಮನನ್ನು ಅಲ್ಲಿ ಬಿಟ್ಟು ನೀನು ಹೇಗೆ ಬಂದೆ ಎಂದು ಕೇಳುತ್ತಾಳೆ, ಕೇಳಲಿ ಎಂದು ಜವರ ತಲೆ ತಗ್ಗಿಸಿ ನಿಂತ.

"ಬಾಣ ಯಾರು ಕಿತ್ತಿದ್ದು?" ಎಂದಳು.

"ಅವನೇ."

ಮುತ್ತಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಅಂಗಾರೆ ಬತ್ತಾನೆ ಬುಡು," ಎಂದು ಒಳಗೆ ಹೋಗಿ, ಒಣಮೀನಿನ ಬುಟ್ಟಿ ಇಳಿಸಿ, ಚೆನ್ನನ ಹೆಂಡತಿಯನ್ನೂ ಮಗುವನ್ನೂ ಊಟಕ್ಕೆ ಕರೆದುಕೊಂಡು ಬಾ ಎಂದು ಗಂಡನಿಗೆ ಹೇಳಿದಳು.